ಸ್ಟೆರೈಲ್ ಪೊಟ್ಟಣಕ್ಕೆ ಸ್ಟೇಪ್ಲರ್ ಪಿನ್ ಹೊಡೆಯಬೇಡಿ

ಮಾನ್ಯ ಸಂಪಾದಕರೇ,

ಎರಡು ತಿಂಗಳ ಹಿಂದೆ ನಮ್ಮ ಯಜಮಾನರ ಎಡಗಾಲಿನ ಕಿರುಬೆರಳು ತೆಗೆಸಬೇಕಾಯಿತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತನ್ನು ಮೂರು ಸಲ ಹೇಳಿದರು: ಗಾಯಕ್ಕೆ ತಾಗುವ ಗಾಸ್ ಪೀಸ್, ಅಂದರೆ ಆ ತೆಳು ಬಟ್ಟೆ, ಸ್ಟೆರೈಲ್ ಆಗಿರಬೇಕು, ಒಂದು ರೋಗಾಣುವೂ ಇರಬಾರದು, ದಿನಾ ಹೊಸ ಪೊಟ್ಟಣ ಒಡೆಯಬೇಕು, ಮಿಕ್ಕಿದ್ದನ್ನು ಮಾರನೆಯ ದಿನಕ್ಕೆ ಎತ್ತಿಡಬಾರದು. ಆಗಲಿ ಎಂದು ಅವತ್ತೇ ಸಂಜೆ ಮನೆ ಹತ್ತಿರದ ಮೆಡಿಕಲ್ ಸ್ಟೋರ್‌ಗೆ ಹೋಗಿ ಹತ್ತು ಪೊಟ್ಟಣ ಗಾಸ್, ಐದು ಸಿರಿಂಜ್, ಒಂದು ಬಾಟಲಿ ನಾರ್ಮಲ್ ಸಲೈನ್ ಕೇಳಿದೆ. ಹುಡುಗ ಎಲ್ಲ ತಂದಿಟ್ಟ. ಬಿಲ್ ಹರಿದ. ಗಾಸ್ ಪೊಟ್ಟಣಗಳನ್ನು ಇಸ್ಪೀಟು ಎಲೆಯ ಹಾಗೆ ಜೋಡಿಸಿ, ಅವುಗಳ ಮೇಲೆ ಬಿಲ್ ಇಟ್ಟು, ಟಕ್ ಟಕ್ ಎಂದು ಎರಡು ಪಿನ್ ಹೊಡೆದು ನನ್ನ ಕೈಗೆ ಕೊಟ್ಟ.

“ಏನಪ್ಪಾ ಇದು, ಸ್ಟೆರೈಲ್ ಪೊಟ್ಟಣಕ್ಕೆ ಪಿನ್ ಹೊಡೆದುಬಿಟ್ಟೆಯಲ್ಲ” ಎಂದೆ.

“ಹೊರಗಿನ ಕವರಿಗೆ ತಾನೇ ಆಂಟಿ ಹೊಡೆದಿದ್ದು, ಒಳಗಿನ ಬಟ್ಟೆಗೆ ತಾಗಿಲ್ಲ” ಎಂದ. ಒರಟಾಗಿ ಹೇಳಲಿಲ್ಲ, ನನಗೆ ಸಮಾಧಾನವಾಗಲೆಂದೇ ಹೇಳಿದ. ಪಕ್ಕದಲ್ಲಿ ನಿಂತಿದ್ದವರೂ ಹೌದೆಂದು ತಲೆಯಾಡಿಸಿದರು. ನಾನು ಬೇರೆ ಹತ್ತು ಪೊಟ್ಟಣ ಕೇಳಿ ತೆಗೆದುಕೊಂಡು ಬಂದೆ. ಆದರೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಆ ‘ಹೊರಗಿನ ಕವರ್’ ಸೋರುತ್ತದೆಯೋ ಇಲ್ಲವೋ ಎಂದು ನೋಡುವುದರಲ್ಲೇ ನನ್ನ ಆಯುಷ್ಯದ ಮೂವತ್ತೈದು ವರ್ಷ ಕಳೆದಿದೆ. ಅದಕ್ಕೇ ಈ ಪತ್ರ. ಉದ್ದವಾದರೆ ದಯವಿಟ್ಟು ಮನ್ನಿಸಿ, ಆದಷ್ಟನ್ನು ಪ್ರಕಟಿಸಿ.

1988ರಲ್ಲಿ ಪೀಣ್ಯದ ಒಂದು ಇಂಜೆಕ್ಷನ್ ಕಾರ್ಖಾನೆಗೆ ಸೇರಿದೆ. ಪಿಯುಸಿ ಓದಿದ್ದೆ, ಮದುವೆಯಾಗಿ ಕುಣಿಗಲ್ ಕಡೆಯಿಂದ ಬೆಂಗಳೂರಿಗೆ ಬಂದು ಒಂದು ವರ್ಷವಾಗಿತ್ತು. ನನ್ನನ್ನು ಹಾಕಿದ್ದು ಆಂಪೂಲ್ ವಿಭಾಗದ ಲೀಕ್ ಟೆಸ್ಟ್ ಕೋಣೆಗೆ. ನಾವೆಲ್ಲ ಅದನ್ನು ‘ನೀಲಿ ರೂಮು’ ಎನ್ನುತ್ತಿದ್ದೆವು. ಆಂಪೂಲ್ ನೀವು ನೋಡಿರುತ್ತೀರಿ, ನರ್ಸ್ ಕತ್ತು ಮುರಿದು ಸಿರಿಂಜ್‌ಗೆ ಎಳೆದುಕೊಳ್ಳುವ ಗಾಜಿನ ಪುಟ್ಟ ಸೀಸೆ. ಅದಕ್ಕೆ ಮುಚ್ಚಳವೂ ಇಲ್ಲ, ರಬ್ಬರ್ ಬಿರಡೆಯೂ ಇಲ್ಲ. ಔಷಧ ತುಂಬಿದ ಕೂಡಲೇ ಬೆಂಕಿಯ ಜ್ವಾಲೆಗೆ ಅದರ ಕತ್ತು ಹಿಡಿದು, ಗಾಜನ್ನೇ ಕರಗಿಸಿ, ಗಾಜಿನಿಂದಲೇ ಬಾಯಿ ಮುಚ್ಚುತ್ತಾರೆ. ಆ ಬೆಸುಗೆ ಸರಿಯಾಗಿ ಕೂತರೆ ಅದಕ್ಕಿಂತ ಗಟ್ಟಿ ಮುಚ್ಚಳ ಇನ್ನೊಂದಿಲ್ಲ. ಕೂರದಿದ್ದರೆ ಕೂದಲೆಳೆಗಿಂತ ತೆಳುವಾದ ಬಿರುಕು ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೋರಲು ಹಾಕಿದರೂ ಔಷಧ ಸೋರುವುದಿಲ್ಲ. ಹೀಗಿರುವಾಗ ಪತ್ತೆ ಮಾಡುವುದು ಹೇಗೆ?

ಅದಕ್ಕೆ ನೀಲಿ ನೀರು. ಆಂಪೂಲ್‌ಗಳ ಟ್ರೇಗಳನ್ನು ಆಟೊಕ್ಲೇವ್ ಎಂಬ ಕುಕ್ಕರಿನಂಥ ದೊಡ್ಡ ಯಂತ್ರದ ಒಳಗಿಟ್ಟು ಬಾಗಿಲು ಹಾಕಿ ಗಾಳಿ ಹೊರಗೆಳೆಯುತ್ತಿದ್ದೆವು. ಬಿರುಕಿದ್ದ ಆಂಪೂಲ್‌ನ ಒಳಗಿನ ಗಾಳಿಯೂ ಆ ಬಿರುಕಿನಿಂದಲೇ ಹೊರಬೀಳುತ್ತದೆ. ಆಮೇಲೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕದಡಿದ ನೀರನ್ನು ಒಳಗೆ ಬಿಟ್ಟು ಟ್ರೇಗಳು ಮುಳುಗಿದ ಮೇಲೆ ವ್ಯಾಕ್ಯೂಮ್ ಬಿಟ್ಟುಬಿಡುವುದು. ಹೊರಗಿನ ಗಾಳಿಯ ಒತ್ತಡ ಮರಳಿ ಬಂದು ನೀಲಿಯನ್ನು ಅದೇ ಬಿರುಕಿನೊಳಕ್ಕೆ ನೂಕುತ್ತದೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನು ನಾನು ಅಡುಗೆಮನೆಯ ಮಾತಿನಲ್ಲಿ ಹೇಳಿಕೊಡುತ್ತಿದ್ದೆ. ಬಿಸಿಬಿಸಿ ಪಲ್ಯ ತುಂಬಿ ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿಯಾಗಿ ಒತ್ತಿಬಿಟ್ಟರೆ, ತಣ್ಣಗಾದ ಮೇಲೆ ಮುಚ್ಚಳ ಏನು ಮಾಡಿದರೂ ಬರುವುದಿಲ್ಲವಲ್ಲ? ಒಳಗೆ ಎಳೆತ ಉಂಟಾಗಿರುತ್ತದೆ. ಆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಹೊರಗಿನದು ಒಳಗೆ ನುಗ್ಗಿಯೇ ನುಗ್ಗುತ್ತದೆ. ಗಾಳಿಯಿದ್ದರೆ ಗಾಳಿ, ನೀರಿದ್ದರೆ ನೀರು, ನೀರಿನಲ್ಲಿ ರೋಗಾಣುವಿದ್ದರೆ ರೋಗಾಣು.

ನಮ್ಮ ಕೈಬೆರಳಿನ ಸಂದಿಗಳೆಲ್ಲ ನೀಲಿ. ಗ್ಲೌಸ್ ಹಾಕಿದರೂ ಹೇಗೋ ತಾಗುತ್ತಿತ್ತು. ಹಬ್ಬದ ದಿನ ದೇವರ ಮನೆಗೆ ಕಾಲಿಡುವ ಮುಂಚೆ ನಮ್ಮತ್ತೆ ನಿಂಬೆಹಣ್ಣಿನ ಹೋಳು ಕೊಟ್ಟು ಉಜ್ಜಿಕೋ ಎನ್ನುತ್ತಿದ್ದರು. ಪೂರ್ತಿ ಹೋಗುತ್ತಿರಲಿಲ್ಲ. ಕೆಲಸ ಏನೆಂದು ಬಿಡಿಸಿ ಹೇಳಿದ ಮೇಲೆ ಅವರು, “ಹಾಗಾದರೆ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟೋ ಕೆಲಸ ಅನ್ನು” ಎಂದಿದ್ದರು. ಅಷ್ಟು ಸರಿಯಾಗಿ ನಮ್ಮ ಕಂಪನಿಯ ಯಾರೂ ಹೇಳಿರಲಿಲ್ಲ. ಭರಣಿಯ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಮೇಲೆ ಎರಡು ಬೆರಳು ಎಣ್ಣೆ ನಿಲ್ಲಿಸಿ, ಒದ್ದೆ ಕೈ ಸೋಕದಂತೆ ಕಾಯ್ದುಕೊಂಡರೆ ವರ್ಷವಾದರೂ ಬೂಷ್ಟು ಹಿಡಿಯದು ಎಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಜನ ಔಷಧದ ಪೊಟ್ಟಣಕ್ಕೆ ಪಿನ್ ಹೊಡೆದರೆ ಸುಮ್ಮನಿರುತ್ತೇವೆ ಎಂಬುದು ನನಗೆ ಸಂಕಟದ ವಿಷಯ.

ನೀಲಿ ನೀರಿನಿಂದ ತೆಗೆದು ತೊಳೆದ ಆಂಪೂಲ್‌ಗಳು ತಪಾಸಣೆಯ ಮೇಜಿಗೆ ಬರುತ್ತಿದ್ದವು. ಹಿಂದೆ ಒಂದು ಕಪ್ಪು ಹಲಗೆ, ಒಂದು ಬಿಳಿ ಹಲಗೆ, ಮೇಲೆ ಬೆಳಕು. ಯುರೋಪಿನ ಫಾರ್ಮಕೋಪಿಯದಲ್ಲಿ, ಅಂದರೆ ಔಷಧಗಳ ಗುಣಮಟ್ಟ ಹೇಳುವ ಅಧಿಕೃತ ಗ್ರಂಥದಲ್ಲಿ, ಈ ಬೆಳಕಿಗೂ ಲೆಕ್ಕವಿದೆ, 2000ದಿಂದ 3750 ಲಕ್ಸ್ (ಬೆಳಕಿನ ಅಳತೆ) ಒಳಗಿರಬೇಕು. ಬಿಳಿಯ ಮುಂದೆ ಐದು ಸೆಕೆಂಡು, ಕಪ್ಪಿನ ಮುಂದೆ ಐದು ಸೆಕೆಂಡು ನೋಡಬೇಕು. ನಮಗೆ ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ ಆಗುತ್ತಿತ್ತು, ಕಣ್ಣು ಸೋಲದಂತೆ ನಡುನಡುವೆ ಎಬ್ಬಿಸಿ ಕಳಿಸುತ್ತಿದ್ದರು. ತುಂಬಾ ನೀಲಿಯಾದ ಆಂಪೂಲ್ ಎಂಥವರಿಗೂ ಸಿಗುತ್ತದೆ. ಕಷ್ಟವೆಲ್ಲ ಬಿಳಿ ಪಂಚೆಗೆ ನೀಲಿ ಹಾಕಿ ಜಾಲಿಸಿದಾಗ ಉಳಿಯುವಂಥ ನಸುಬಣ್ಣದ್ದು. ಇದೆಯೋ, ನಮ್ಮ ಭ್ರಮೆಯೋ ಎನಿಸುವಂಥದ್ದು.

1996ರ ಒಂದು ಮಧ್ಯಾಹ್ನ ಅಂಥದೊಂದು ನನಗೆ ಸಿಕ್ಕಿತು. 2 ಮಿಲಿಲೀಟರಿನ ಆಂಪೂಲ್. ಪಕ್ಕದವಳಿಗೆ ತೋರಿಸಿದೆ, ಏನೂ ಇಲ್ಲ ಎಂದಳು. ಸೂಪರ್‌ವೈಸರಿಗೆ ತೋರಿಸಿದೆ, ರಿಜೆಕ್ಟ್ ಡಬ್ಬಿಗೆ ಹಾಕಿ ಮುಂದಕ್ಕೆ ಹೋಗಿ ಎಂದರು. ಆಗ ಗುಣಮಟ್ಟ ವಿಭಾಗಕ್ಕೆ ಹಿರಿಯರೊಬ್ಬರಿದ್ದರು, ಕಡಿಮೆ ಮಾತಿನವರು. ಅವರು ಆ ಆಂಪೂಲ್ ಅನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ಕತ್ತಿನ ಮೇಲೆ ಕಂದುಬಣ್ಣದ ಚುಕ್ಕೆ ತೋರಿಸಿದರು. ಔಷಧ ತುಂಬುವ ಸೂಜಿ ಕತ್ತಿಗೆ ತಾಗಿ ಒಂದು ಹನಿ ಅಲ್ಲೇ ಉಳಿದಿತ್ತು. ಬೆಂಕಿಗೆ ಹಿಡಿದಾಗ ಆ ಹನಿ ಸುಟ್ಟು ಕರಿಕಾಗಿ, ಗಾಜು ಗಾಜಿಗೆ ಸರಿಯಾಗಿ ಬೆಸೆಯದಂತೆ ಅಡ್ಡ ನಿಂತಿತ್ತು. ಯಂತ್ರದಲ್ಲಿ ಎಂಟು ಸೂಜಿ. ಒಂದು ಸೂಜಿ ಬಾಗಿದ್ದರೆ ಪ್ರತಿ ಎಂಟನೆಯ ಆಂಪೂಲ್ ಮೇಲೂ ಅದೇ ಹನಿ ಬೀಳುವ ಸಂಭವ. “ಒಂದು ಸಿಕ್ಕಿದೆ ಅಂದರೆ ಅದು ಒಂದೇ ಅಲ್ಲಮ್ಮ” ಎಂದು ಹೇಳಿ ಲೈನ್ ನಿಲ್ಲಿಸಿದರು. ಇಡೀ ಬ್ಯಾಚನ್ನು ಮತ್ತೆ ನೀಲಿಗೆ ಹಾಕಿ, ಎರಡು ಶಿಫ್ಟ್ ಕೂತು ನೋಡಿದೆವು. ಇನ್ನೂ ಹನ್ನೊಂದು ಸಿಕ್ಕಿದವು. ಆ ಹನ್ನೊಂದು ಯಾರ್ಯಾರ ನರಕ್ಕೆ ಹೋಗಬೇಕಾಗಿತ್ತೋ ಎಂದು ಈಗಲೂ ನೆನೆಸಿಕೊಳ್ಳುತ್ತೇನೆ.

ಇಲ್ಲಿ ಓದುಗರು ಕೇಳಬಹುದು: ಲ್ಯಾಬಿನಲ್ಲಿ ಸ್ಟೆರಿಲಿಟಿ ಟೆಸ್ಟ್ ಮಾಡುತ್ತಾರಲ್ಲ, ಅದರಲ್ಲಿ ಗೊತ್ತಾಗುವುದಿಲ್ಲವೇ ಎಂದು. ಮಾಡುತ್ತಾರೆ. ದೊಡ್ಡ ಬ್ಯಾಚಿನಿಂದ ಸಾಮಾನ್ಯವಾಗಿ 20 ಆಂಪೂಲ್ ತೆಗೆದು, ಅದರ ಔಷಧವನ್ನು ರೋಗಾಣು ಬೆಳೆಯುವ ದ್ರವಕ್ಕೆ ಸೇರಿಸಿ, 14 ದಿನ ಕಾದು ನೋಡುತ್ತಾರೆ. ಈಗ ನಲವತ್ತು ಸಾವಿರದ ಬ್ಯಾಚಿನಲ್ಲಿ ಸಾವಿರಕ್ಕೊಂದರಂತೆ ನಲವತ್ತು ಆಂಪೂಲ್ ಬಿರುಕಿನವು ಎಂದಿಟ್ಟುಕೊಳ್ಳಿ. ಕಣ್ಣುಮುಚ್ಚಿ ತೆಗೆದ 20ರಲ್ಲಿ ಅಂಥದ್ದು ಒಂದಾದರೂ ಇರುವ ಸಂಭವ ನೂರಕ್ಕೆ ಎರಡು ಮಾತ್ರ. ಉಳಿದ ತೊಂಬತ್ತೆಂಟು ಸಲ ವರದಿ ‘ಪಾಸ್’ ಎಂದೇ ಬರುತ್ತದೆ. ಲ್ಯಾಬಿನವರ ತಪ್ಪಲ್ಲ, ಲೆಕ್ಕವೇ ಹಾಗೆ. ಅದಕ್ಕೇ ಬೆಂಕಿಯಲ್ಲಿ ಬೆಸೆದ ಆಂಪೂಲ್‌ಗಳ ಸೀಲನ್ನು ಅಲ್ಲೊಂದು ಇಲ್ಲೊಂದು ನೋಡಿದರೆ ಸಾಲದು, ಒಂದನ್ನೂ ಬಿಡದೆ ಪರೀಕ್ಷಿಸಬೇಕು. ಸ್ಟೆರೈಲ್ ಔಷಧಗಳ ಬಗ್ಗೆ ಯುರೋಪಿನ ನಿಯಮ 2022ರಲ್ಲಿ ಪರಿಷ್ಕರಣೆಯಾಗಿ 2023ರ ಆಗಸ್ಟ್ 25ರಿಂದ ಜಾರಿಗೆ ಬಂತು. ಅದರಲ್ಲಿ ಈ ನೂರಕ್ಕೆ ನೂರು ಪರೀಕ್ಷೆಯ ಮಾತು ಸ್ಪಷ್ಟವಾಗಿದೆ. ಬರಿಗಣ್ಣಿನ ತಪಾಸಣೆಯನ್ನು ಸೀಲ್ ಪರೀಕ್ಷೆ ಎಂದು ಒಪ್ಪಲಾಗದು ಎಂದೂ ಇದೆ. ಕಣ್ಣಿನಿಂದಲೇ ಅನ್ನ ಉಂಡವಳು ನಾನು, ಆದರೂ ಆ ಮಾತು ಸರಿ ಎಂದೇ ಹೇಳುತ್ತೇನೆ. ನೀಲಿ ನೀರು ದೊಡ್ಡ ಬಿರುಕಿಗೆ ಸರಿ. ತೀರಾ ಸಣ್ಣದರಲ್ಲಿ ನುಗ್ಗಿದ ನೀಲಿ ಎಷ್ಟು ಕಡಿಮೆಯಿರುತ್ತದೆಂದರೆ, ಕಣ್ಣಿಗೆ ಸಿಗದೆ ಹೋಗಬಹುದು.

2011ರಲ್ಲಿ ನಮ್ಮಲ್ಲಿಗೆ ಹೈ ವೋಲ್ಟೇಜ್ ಯಂತ್ರ ಬಂತು. ಆಂಪೂಲ್ ಉರುಳಿಕೊಂಡು ಹೋಗುವಾಗ ಅದರ ಮೈಮೇಲೆ ಹೆಚ್ಚಿನ ವೋಲ್ಟೇಜ್ ಹಾಯಿಸುತ್ತದೆ. ಗಾಜು ಕರೆಂಟ್ ಬಿಡುವುದಿಲ್ಲ, ಒಳಗಿನ ಔಷಧ ಬಿಡುತ್ತದೆ. ಬಿರುಕಿದ್ದ ಕಡೆ ಕರೆಂಟ್ ಏರುತ್ತದೆ, ಯಂತ್ರ ಆ ಆಂಪೂಲ್ ಅನ್ನು ಪಕ್ಕಕ್ಕೆ ತಳ್ಳುತ್ತದೆ. ಪ್ರತಿ ಶಿಫ್ಟ್ ಶುರುವಾಗುವ ಮುಂಚೆ, ಲೇಸರ್‌ನಿಂದ ಬೇಕೆಂದೇ ಸಣ್ಣ ತೂತು ಮಾಡಿಟ್ಟ ಆಂಪೂಲ್‌ಗಳನ್ನು ಒಳಗೆ ಬಿಟ್ಟು ಯಂತ್ರ ಅವನ್ನು ಹಿಡಿಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಒಂದು ತಪ್ಪಿಸಿಕೊಂಡರೂ ಲೈನ್ ಶುರುವಾಗುತ್ತಿರಲಿಲ್ಲ. ಒಣ ಔಷಧದ ಸೀಸೆ, ಗಾಳಿಯಾಡದ ಪೊಟ್ಟಣಗಳಿಗೆ ಬೇರೆ ಯಂತ್ರ. ಪೊಟ್ಟಣವನ್ನು ಒಂದು ಗೂಡಿನೊಳಗಿಟ್ಟು ಸುತ್ತಲಿನ ಗಾಳಿ ಎಳೆದು, ಆ ವ್ಯಾಕ್ಯೂಮ್ ನಿಂತಲ್ಲೇ ನಿಲ್ಲುತ್ತದೆಯೇ, ನಿಧಾನವಾಗಿ ಇಳಿಯುತ್ತದೆಯೇ ಎಂದು ಅಳೆಯುತ್ತದೆ. ಇಳಿದರೆ ಪೊಟ್ಟಣ ಉಸಿರು ಬಿಡುತ್ತಿದೆ ಎಂದರ್ಥ. ಇದರಲ್ಲಿ ಪೊಟ್ಟಣ ಹಾಳಾಗುವುದೂ ಇಲ್ಲ. ಅಮೆರಿಕದ ಫಾರ್ಮಕೋಪಿಯ 2016ರಲ್ಲಿ ತನ್ನ 1207ನೇ ಅಧ್ಯಾಯವನ್ನು ಬೆಳೆಸಿ, ಬಣ್ಣ ಇಳಿದಿದೆಯೇ, ನೀರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿನಿಂದ ನೋಡುವುದಕ್ಕಿಂತ ಹೀಗೆ ಅಂಕೆಯಲ್ಲಿ ಉತ್ತರ ಕೊಡುವ ಪರೀಕ್ಷೆಗಳೇ ಮೇಲು ಎಂದಿತು. ಆ ವರ್ಷ ನಮಗೆಲ್ಲ ಮತ್ತೆ ತರಬೇತಿಯಾಯಿತು.

ಇಷ್ಟೆಲ್ಲ ವಿವರಿಸಿದ್ದು ಒಂದು ಅಳತೆ ಹೇಳುವುದಕ್ಕೆ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಸಾಮಾನ್ಯ ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್ ಇರುತ್ತದೆ. ಔಷಧ ಸೋಸುವ ಫಿಲ್ಟರಿನ ರಂಧ್ರ 0.22 ಮೈಕ್ರಾನ್. ಕಾರ್ಖಾನೆಗಳಲ್ಲಿ ಹತ್ತು, ಇಪ್ಪತ್ತು ಮೈಕ್ರಾನಿನ ತೂತಿಗೆ ಜನ ತಲೆ ಕೆಡಿಸಿಕೊಂಡು, ಲಕ್ಷಗಟ್ಟಲೆ ಬೆಲೆಯ ಯಂತ್ರ ತಂದು ಹುಡುಕುತ್ತಾರೆ. ಅಂಗಡಿಯ ಸ್ಟೇಪ್ಲರ್ ಪಿನ್ನಿನ ತಂತಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಂದರೆ ಐನೂರು ಮೈಕ್ರಾನ್. ಒಂದು ಪಿನ್ನಿಗೆ ಎರಡು ಕಾಲು. ಪೊಟ್ಟಣದ ಎರಡೂ ಪದರ ತೂರಿ ಹೋದರೆ ನಾಲ್ಕು ತೂತು. ನನ್ನ ಹತ್ತು ಪೊಟ್ಟಣಕ್ಕೆ ಆ ಹುಡುಗ ಎರಡು ಪಿನ್ ಹೊಡೆದಿದ್ದ. ಪಿನ್ ಎಷ್ಟನೆಯ ಪೊಟ್ಟಣದವರೆಗೆ ಹೋಗಿತ್ತೋ ಅಷ್ಟೂ ಪೊಟ್ಟಣ ಆ ಕ್ಷಣಕ್ಕೇ ಸ್ಟೆರೈಲ್ ಅಲ್ಲದವಾದವು. ಮೇಲೆ ಅಚ್ಚಾದ ದಿನಾಂಕ ಇನ್ನೂ ಮೂರು ವರ್ಷ ಇದ್ದರೂ ಅಷ್ಟೇ.

ಪಿನ್ ಒಂದೇ ಅಲ್ಲ. ಗಾಸ್, ಸಿರಿಂಜ್, ಗ್ಲೌಸ್, ಕ್ಯಾತಿಟರ್ ಬರುವ ಪೊಟ್ಟಣ ನೋಡಿ. ಒಂದು ಕಡೆ ಪಾರದರ್ಶಕ ಪ್ಲಾಸ್ಟಿಕ್, ಇನ್ನೊಂದು ಕಡೆ ಬಿಳಿ ಕಾಗದ. ಅದು ನಮ್ಮ ನೋಟ್‌ಬುಕ್ ಕಾಗದವಲ್ಲ. ಸ್ಟೆರೈಲ್ ಮಾಡುವಾಗ ಹಬೆಯನ್ನೋ ಎಥಿಲೀನ್ ಆಕ್ಸೈಡ್ ಅನಿಲವನ್ನೋ ಒಳಗೆ ಬಿಟ್ಟುಕೊಳ್ಳಬೇಕು, ಆಮೇಲೆ ರೋಗಾಣುವನ್ನು ಹೊರಗೇ ತಡೆಯಬೇಕು, ಅಂಥ ಹೆಣಿಗೆಯ ಕಾಗದ. ಒಣಗಿದ್ದಷ್ಟು ಹೊತ್ತು ತಡೆಯುತ್ತದೆ. ಒದ್ದೆಯಾದರೆ ಮುಗಿಯಿತು, ಆಮೇಲೆ ಒಣಗಿಸಿದರೂ ಬರುವುದಿಲ್ಲ. ಮೇ ತಿಂಗಳ ಒಂದು ಮಳೆಗೆ ಫುಟ್‌ಪಾತಿನ ನೀರು ಅಂಗಡಿಯೊಳಗೆ ನುಗ್ಗುವ ಊರು ನಮ್ಮದು. ಕೆಳಗಿನ ಶೆಲ್ಫಿನಲ್ಲಿಟ್ಟ ಪೆಟ್ಟಿಗೆಗಳನ್ನು ಮಾರನೆಯ ದಿನ ಬಿಸಿಲಿಗೆ ಹರವಿದ್ದನ್ನು ನಾನೇ ಕಂಡಿದ್ದೇನೆ. ಇನ್ನು ಕೆಲವರು ಬಾಲ್‌ಪೆನ್ನಿನಿಂದ ಕಾಗದದ ಮೇಲೆಯೇ ರೇಟು ಬರೆಯುತ್ತಾರೆ, ಮೊನೆ ಒತ್ತಿ ಕಾಗದ ತೂತಾಗುತ್ತದೆ. ರಬ್ಬರ್ ಬ್ಯಾಂಡ್ ಬಿಗಿದರೆ ಪೊಟ್ಟಣ ಮಡಿಚಿ ಅಂಚಿನ ಸೀಲ್ ಸುಕ್ಕುಗಟ್ಟುತ್ತದೆ.

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ಪೊಟ್ಟಣ ಒಡೆಯುವ ಮುಂಚೆ ನಾಲ್ಕೂ ಅಂಚಿನ ಸೀಲ್ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಪಟ್ಟಿ ಒಂದೇ ಅಗಲ ಇರಬೇಕು, ಅದನ್ನು ಅಡ್ಡ ಸೀಳಿಕೊಂಡು ಒಳಗಿನಿಂದ ಹೊರಕ್ಕೆ ಗೆರೆಯ ಹಾಗೆ ಕಾಲುವೆ ಇರಬಾರದು. ಕತ್ತರಿ ಹಾಕಬೇಡಿ, ಹೆಬ್ಬೆರಳಿನಿಂದ ಕಾಗದವನ್ನು ಒತ್ತಿ ಹರಿಯಬೇಡಿ. ಎರಡೂ ತುದಿ ಹಿಡಿದು ನಿಧಾನವಾಗಿ ಬಿಡಿಸಿ. ಒಳ್ಳೆಯ ಸೀಲ್ ಆದರೆ ಬಿಡಿಸಿದ ಜಾಗದಲ್ಲಿ ಬಿಳಿ ಪಟ್ಟಿಯ ಗುರುತು ಎಲ್ಲೂ ಕಡಿಯದೆ ಬರುತ್ತದೆ. ಸಲೈನ್ ಪ್ಲಾಸ್ಟಿಕ್ ಬಾಟಲಿಯಾದರೆ ಎರಡು ಕೈಯಲ್ಲಿ ಗಟ್ಟಿಯಾಗಿ ಹಿಂಡಿ ನೋಡಿ, ಹನಿ ಜಿನುಗಿದರೆ ಬೇಡ. ಕಲಕಾಗಿದ್ದರೂ ಬೇಡ. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ರಾಜ್ಯವೆಲ್ಲ ಸಲೈನ್ ಬಾಟಲಿಗಳ ಕಡೆ ಗಾಬರಿಯಿಂದ ನೋಡಿತು. ಅಲ್ಲಿ ನಡೆದದ್ದರ ಬಗ್ಗೆ ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ, ಅದು ಸೀಲಿನ ವಿಷಯ ಎಂದೂ ನಾನು ಹೇಳುತ್ತಿಲ್ಲ. ನರಕ್ಕೆ ಹೋಗುವ ನೀರನ್ನು ನಾವು ಎಷ್ಟು ನಂಬಿ ಬಿಟ್ಟುಕೊಳ್ಳುತ್ತೇವೆ ಎಂಬುದು ಆಗ ಎಲ್ಲರಿಗೂ ಹೊಳೆಯಿತು, ಅಷ್ಟೇ.

ಆಹಾರದ್ದೂ ಇದೇ ಕಥೆ. ನನ್ನ ತಮ್ಮ ಒಂದು ಡೇರಿಯಲ್ಲಿ ಯುಎಚ್‌ಟಿ ಹಾಲಿನ ವಿಭಾಗದಲ್ಲಿದ್ದ. ಹಾಲನ್ನು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ರೋಗಾಣುವಿಲ್ಲದ ಡಬ್ಬಿಗೆ ತುಂಬಿ ಮುಚ್ಚುವುದರಿಂದಲೇ ಅದು ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ನಿಲ್ಲುವುದು. ಅವರು ಆಗಾಗ್ಗೆ ಲೈನಿನಿಂದ ಡಬ್ಬಿ ತೆಗೆದು, ಹಾಲು ಚೆಲ್ಲಿ ಕತ್ತರಿಸಿ, ಒಳಗಿನ ಸೀಲಿಗೆ ಕೆಂಪು ಶಾಯಿ ಬಿಟ್ಟು ಎಲ್ಲಾದರೂ ಹಾದು ಬರುತ್ತದೆಯೇ ನೋಡುತ್ತಿದ್ದರು. ಇನ್ನೊಂದು ಪರೀಕ್ಷೆಯಲ್ಲಿ ಡಬ್ಬಿಯೊಳಗೂ ಹೊರಗೂ ಉಪ್ಪುನೀರು, ಎರಡರಲ್ಲೂ ಒಂದೊಂದು ತಂತಿ. ಕರೆಂಟ್ ಹರಿದರೆ ತೂತಿದೆ. ನನ್ನದು ನೀಲಿ, ಅವನದು ಕೆಂಪು. ರಜೆಗೆ ಊರಿಗೆ ಹೋದಾಗ ನಾವಿಬ್ಬರೂ ಜಗಲಿಯ ಮೇಲೆ ಕೂತು ಇದನ್ನೇ ಮಾತಾಡುತ್ತಿದ್ದೆವು. ಅವನ ಹೊಟ್ಟೆಯುರಿಯೆಲ್ಲ ಪ್ರಾವಿಷನ್ ಸ್ಟೋರಿನ ಬ್ಲೇಡಿನ ಮೇಲೆ. ದೊಡ್ಡ ಪೆಟ್ಟಿಗೆಯ ಟೇಪನ್ನು ಬ್ಲೇಡಿನಲ್ಲಿ ಎಳೆದರೆ ಮೇಲಿನ ಸಾಲಿನ ಡಬ್ಬಿಗಳ ತಲೆಗೆ ಗೀರು. ಹಾಲು ಸೋರುವಷ್ಟು ಆಳವಿಲ್ಲ, ಆದರೆ ಒಳಪದರದವರೆಗೆ ಹೋಗಿರಬಹುದು. ಅಂಗಡಿಯವರು ಒರೆಸಿ ಮಾರುತ್ತಾರೆ.

ತಗಡಿನ ಡಬ್ಬಿಗಳ ಬಗ್ಗೆ ನಮ್ಮ ತರಬೇತಿಯಲ್ಲಿ ಒಂದು ಘಟನೆ ಹೇಳುತ್ತಿದ್ದರು. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ನಾನೂರಕ್ಕೂ ಹೆಚ್ಚು ಜನರಿಗೆ ಒಮ್ಮೆಗೇ ಟೈಫಾಯ್ಡ್ ಬಂತು. ಹುಡುಕಿಕೊಂಡು ಹೋದರೆ ಅರ್ಜೆಂಟೀನಾದಿಂದ ಬಂದ ಮಾಂಸದ ಡಬ್ಬಿ. ಕಾರ್ಖಾನೆಯಲ್ಲಿ ಡಬ್ಬಿಗಳನ್ನು ಬೇಯಿಸಿದ ಮೇಲೆ, ಶುದ್ಧ ಮಾಡದ ನದಿಯ ನೀರಿನಲ್ಲಿ ತಣ್ಣಗೆ ಮಾಡಿದ್ದರು. ಅಂಚಿನ ಮಡಿಕೆಯಲ್ಲಿ ಎಲ್ಲೋ ಕಾಣದ ಸೀಳು. ಡಬ್ಬಿ ತಣ್ಣಗಾಗುತ್ತಾ ಆ ನೀರನ್ನು ಒಳಗೆ ಎಳೆದುಕೊಂಡಿತ್ತು. ಬೇಯಿಸಿದ್ದೂ ಸರಿ, ಮಾಂಸವೂ ಸರಿ. ನನ್ನ ಸ್ಟೀಲ್ ಡಬ್ಬಿಯ ಲೆಕ್ಕವೇ ಅಲ್ಲಿ ನಡೆದದ್ದು. ಅದಕ್ಕೇ ರಸಗುಲ್ಲ, ಮಾವಿನ ಪಲ್ಪ್ ಡಬ್ಬಿ ಕೊಳ್ಳುವಾಗ ಅಂಚಿನ ಮಡಿಕೆ ಜಜ್ಜಿ ಹೋಗಿದ್ದರೆ ಹತ್ತು ರೂಪಾಯಿ ಕಡಿಮೆಗೆ ಕೊಟ್ಟರೂ ನಾನು ಮುಟ್ಟುವುದಿಲ್ಲ. ಉಬ್ಬಿದ ಡಬ್ಬಿಯನ್ನಂತೂ ಮನೆಯೊಳಗೇ ತರಬಾರದು. ಆದರೆ ಉಬ್ಬಿದ್ದೆಲ್ಲ ಕೆಟ್ಟದ್ದು ಎಂದೂ ತಿಳಿಯಬೇಡಿ. ಮಂಗಳೂರಿನಿಂದ ತಂದ ಚಿಪ್ಸ್ ಪ್ಯಾಕೆಟ್ ಬೆಂಗಳೂರಿಗೆ ಬರುವಷ್ಟರಲ್ಲಿ ಬಲೂನಿನ ಹಾಗಾಗಿರುತ್ತದೆ. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ, ಇಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಒಳಗಿನ ಗಾಳಿ ಹಿಗ್ಗುತ್ತದೆ. ಹಾಗೆ ಬಿಗಿಯಾಗಿ ಉಬ್ಬಿ ಬಂದರೆ ಅದರ ಸೀಲ್ ಗಟ್ಟಿಯಿದೆ ಎಂದೇ ಲೆಕ್ಕ.

ನನ್ನ ಕೋರಿಕೆ ದೊಡ್ಡದಲ್ಲ. ಕೇಂದ್ರ ಸರ್ಕಾರ ಔಷಧ ತಯಾರಿಕೆಯ ಶೆಡ್ಯೂಲ್ ಎಂ ನಿಯಮವನ್ನು ಬಿಗಿ ಮಾಡಿದೆ, ಒಳ್ಳೆಯದೇ. ಆದರೆ ಕಾರ್ಖಾನೆಯ ಗೇಟಿನವರೆಗೆ ಒಂದೊಂದು ಆಂಪೂಲ್ ಮೇಲೂ ಇದ್ದ ಕಣ್ಣು, ಗೇಟ್ ದಾಟಿ ಗೋಡೌನು, ಟೆಂಪೊ, ಅಂಗಡಿ ಸೇರುವ ಹೊತ್ತಿಗೆ ಇರುವುದಿಲ್ಲ. ರಾಜ್ಯದ ಔಷಧ ನಿಯಂತ್ರಣ ಇಲಾಖೆ ಎಲ್ಲ ಮೆಡಿಕಲ್ ಸ್ಟೋರ್‌ಗಳಿಗೆ ಒಂದೇ ಸಾಲಿನ ಸುತ್ತೋಲೆ ಕಳಿಸಲಿ: ಸ್ಟೆರೈಲ್ ವಸ್ತುವಿನ ಪೊಟ್ಟಣಕ್ಕೆ ಪಿನ್ ಹೊಡೆಯಬಾರದು, ನೀರು ತಾಗಿದ್ದನ್ನು ಮಾರಬಾರದು. ಇನ್ಸ್‌ಪೆಕ್ಟರುಗಳು ಅಂಗಡಿಗೆ ಹೋದಾಗ ಲೈಸೆನ್ಸ್, ಫ್ರಿಜ್‌ನ ಉಷ್ಣಾಂಶ ನೋಡಿದಂತೆ ಕೌಂಟರಿನ ಸ್ಟೇಪ್ಲರ್ ಎಲ್ಲೆಲ್ಲಿ ಓಡಾಡುತ್ತದೆ ಎಂಬುದನ್ನೂ ನೋಡಲಿ. ತಯಾರಕರು ‘ಪೊಟ್ಟಣ ಹರಿದಿದ್ದರೆ ಬಳಸಬೇಡಿ’ ಎಂಬುದನ್ನು ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಸುಮ್ಮನಾಗದೆ, ಕರ್ನಾಟಕಕ್ಕೆ ಬರುವ ಪೆಟ್ಟಿಗೆಯ ಮೇಲಾದರೂ ಕನ್ನಡದಲ್ಲಿ ಕಾಣುವಂತೆ ಹಾಕಲಿ. ಅಂಗಡಿಯಲ್ಲಿ ಕೆಲಸ ಮಾಡುವ ಮಕ್ಕಳು ಶಿರಾ, ಮಧುಗಿರಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದವರು. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟರೆ ಖಂಡಿತ ಕೇಳುತ್ತಾರೆ.

ಇದು ನಾನು ಕಣ್ಣಾರೆ ಕಂಡ ಮಾತು. ನಿದ್ದೆ ಬಾರದ ಆ ರಾತ್ರಿಯ ಮಾರನೆಯ ದಿನ ಬಟ್ಟೆಗೆ ಹಾಕುವ ನೀಲಿಯನ್ನು ಸಣ್ಣ ಸೀಸೆಯಲ್ಲಿ ಕದಡಿಕೊಂಡು ಅದೇ ಅಂಗಡಿಗೆ ಹೋದೆ. ಮಧ್ಯಾಹ್ನ, ಗಿರಾಕಿಗಳಿರಲಿಲ್ಲ. ಎರಡು ಪೊಟ್ಟಣ ಗಾಸ್ ಕೊಂಡು, ಒಂದಕ್ಕೆ ಅವನಿಂದಲೇ ಪಿನ್ ಹೊಡೆಸಿದೆ. ಆ ಪಿನ್ ಕಿತ್ತು, ಎರಡನ್ನೂ ಪ್ಲಾಸ್ಟಿಕ್ ಮೈ ಮೇಲೆ ಮಾಡಿ ಕೌಂಟರಿನಲ್ಲಿಟ್ಟು, ಒಂದೊಂದರ ಮೇಲೂ ನಾಲ್ಕು ಹನಿ ನೀಲಿ ಬಿಟ್ಟೆ. ಒಂದರ ಮೇಲೆ ಹನಿ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ ನಿಂತಿತ್ತು. ಇನ್ನೊಂದರ ಮೇಲೆ ಬೆರಳಿನಿಂದ ಮೆತ್ತಗೆ ಒತ್ತಿದೆ, ಹನಿ ಇಳಿದುಹೋಯಿತು. ಎರಡನ್ನೂ ಬಿಡಿಸಿದೆವು. ಮೊದಲನೆಯ ಬಟ್ಟೆ ಹಾಲಿನಷ್ಟು ಬಿಳಿ. ಎರಡನೆಯದರ ನಡುವೆ ಹೆಬ್ಬೆಟ್ಟಿನಗಲದ ಎರಡು ನೀಲಿ ಕಲೆ, ನಾಲ್ಕು ಮಡಿಕೆ ದಾಟಿ ಇಳಿದಿತ್ತು. ಹುಡುಗ ಅದನ್ನು ಕೈಯಲ್ಲಿ ಹಿಡಿದು ಮಾತಾಡದೆ ನಿಂತ. ಆಮೇಲೆ ಒಳಗೆ ಹೋಗಿ, ಬೆಳಗ್ಗೆಯಿಂದ ಪಿನ್ ಹೊಡೆದು ಗಿರಾಕಿಗಳಿಗಾಗಿ ಕಟ್ಟಿಟ್ಟಿದ್ದ ಮೂರು ಕಟ್ಟು ತಂದು ನನ್ನ ಮುಂದೆಯೇ ಬೇರೆ ಮಾಡಿದ. “ನಮ್ಮಪ್ಪನಿಗೂ ಶುಗರ್ ಇದೆ ಆಂಟಿ” ಎಂದ. ಈಗ ಅಲ್ಲಿ ಬಿಲ್ಲನ್ನು ಮಡಿಸಿ ಕವರಿನೊಳಗೆ ಹಾಕಿ ಕೊಡುತ್ತಾರೆ.

ಬೆಂಗಳೂರಿನಲ್ಲಿ ಔಷಧ ವ್ಯಾಪಾರಿಗಳ ಯಾವುದೇ ಸಭೆಯಾಗಲಿ, ಫಾರ್ಮಸಿ ಕಾಲೇಜಾಗಲಿ, ಆಶಾ ಕಾರ್ಯಕರ್ತೆಯರ ತರಬೇತಿಯಾಗಲಿ ಕರೆದರೆ ಬಂದು ಇದನ್ನೇ ಮಾಡಿ ತೋರಿಸುತ್ತೇನೆ. ಹತ್ತು ನಿಮಿಷ ಸಾಕು. ಒಂದು ಸೀಸೆ ನೀಲಿ, ಎರಡು ಪೊಟ್ಟಣ ಗಾಸ್, ಒಂದು ಸ್ಟೇಪ್ಲರ್, ಎಲ್ಲ ನಾನೇ ತರುತ್ತೇನೆ. ಮಧ್ಯಾಹ್ನ ಯಜಮಾನರ ಡ್ರೆಸ್ಸಿಂಗ್ ಇರುತ್ತದೆ, ಹನ್ನೊಂದು ಗಂಟೆಯೊಳಗಾದರೆ ಅನುಕೂಲ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಆಂಪೂಲ್ ವಿಭಾಗದ ನಿವೃತ್ತ ತಪಾಸಕಿ,
ಮಹಾಲಕ್ಷ್ಮಿ ಲೇಔಟ್, ಬೆಂಗಳೂರು